ಅವಳ ಮುಖ, ನನ್ನ ಕೈ

ಇದು ಆರು ವರ್ಷದ ಹಿಂದಿನ ಮಾತು. ಆಗ ನನಗೆ ನಲವತ್ತೆಂಟು. ಚಿತ್ರರಂಗಕ್ಕೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಮನೋಹರ ಎಂಬ ಯುವ ನಿರ್ದೇಶಕರು ತಮ್ಮ ಎರಡನೆಯ ಚಿತ್ರಕ್ಕೆ ನನ್ನನ್ನು ಎರಡು ಕೆಲಸಕ್ಕೆ ಗೊತ್ತುಮಾಡಿಕೊಂಡಿದ್ದರು. ಒಂದು, ನಾಯಕಿಯ ತಾಯಿಯ ಪಾತ್ರ. ಇನ್ನೊಂದು, ನಾಯಕಿಗೆ ಭರತನಾಟ್ಯ ಹೇಳಿಕೊಡುವುದು. "ಟೈಟಲ್ ಕಾರ್ಡಲ್ಲಿ ಎರಡು ಕಡೆ ನಿಮ್ಮ ಹೆಸರು ಬರುತ್ತೆ ಪದ್ಮಜಾ ಮೇಡಂ" ಎಂದು ಅವರು ದೊಡ್ಡ ಬಹುಮಾನ ಕೊಟ್ಟವರ ಹಾಗೆ ಹೇಳಿದರು. ನಾನೂ ಬಹುಮಾನ ಪಡೆದವಳ ಹಾಗೆ ನಕ್ಕೆ. ಚಿತ್ರದ ನಾಯಕಿ ಒಬ್ಬ ನರ್ತಕಿ. ಅಂಥದೊಂದು ಕತೆ ಬರಲಿ ಎಂದು ನಾನು ಇಪ್ಪತ್ತಾರು ವರ್ಷ ಕಾದಿದ್ದೆ. ಬಂದಾಗ ನನ್ನ ಪಾಲಿಗೆ ಸಿಕ್ಕಿದ್ದು ಅವಳ ತಾಯಿ.

ಆ ಚಿತ್ರೀಕರಣದಲ್ಲಿ ನಾನೊಂದು ಕೆಟ್ಟ ಕೆಲಸ ಮಾಡಿದೆ. ನೋಡಿದವರಿಗೆ ತಿಳಿಯಲಾರದಷ್ಟು ಚಿಕ್ಕದು, ಮಾಡಿದವಳು ಮರೆಯಲಾರದಷ್ಟು ದೊಡ್ಡದು. ಅದನ್ನು ಹೇಳುವ ಮೊದಲು ನನ್ನ ಹೊಟ್ಟೆಕಿಚ್ಚಿನ ಪೂರ್ವೋತ್ತರ ಸ್ವಲ್ಪ ಹೇಳಬೇಕು.

ನಾನು ದೊಡ್ಡಬಳ್ಳಾಪುರದವಳು. ಏಳನೆಯ ವಯಸ್ಸಿಗೆ ನಮ್ಮ ಬೀದಿಯ ಮೇಷ್ಟ್ರ ಬಳಿ ನೃತ್ಯಕ್ಕೆ ಸೇರಿದೆ. ಎಡಕ್ಕೂ ಬಲಕ್ಕೂ ವಿದ್ಯುತ್ ಮಗ್ಗದ ಮನೆಗಳು. ಆ ಸದ್ದಿನ ನಡುವೆ ನಮಗೆ ಕೇಳಲಿ ಎಂದು ಮೇಷ್ಟ್ರು ತಾಳ ಹಾಕುವ ತಟ್ಟುಮಣೆಯನ್ನು ಒಡೆದು ಹೋಗುವ ಹಾಗೆ ಬಡಿಯುತ್ತಿದ್ದರು. ಹದಿನಾಲ್ಕು ವರ್ಷ ಕಲಿತೆ. ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತವನಿಗೂ ನಿನ್ನ ಕಣ್ಣೀರು ಕಾಣಬೇಕು ಎಂದು ಅವರು ಹೇಳಿಕೊಟ್ಟರು. ನಾನು ಕಾಣಿಸಿದೆ. ಅಂಥದೊಂದು ಕಾರ್ಯಕ್ರಮ ನೋಡಿದ ನಿರ್ಮಾಪಕರೊಬ್ಬರು ಸಿನಿಮಾಕ್ಕೆ ಕರೆದರು.

ಮೊದಲ ದಿನದ ಮೊದಲ ದೃಶ್ಯದಲ್ಲಿ ಅಣ್ಣ ಮನೆ ಬಿಟ್ಟು ಹೋದ ಸುದ್ದಿ ಕೇಳಬೇಕಿತ್ತು. ಕೇಳಿದೆ. ಹುಬ್ಬು ಏರಿಸಿದೆ, ತುಟಿ ನಡುಗಿಸಿದೆ, ಕಣ್ಣನ್ನು ಬಾಗಿಲಿನಿಂದ ನೆಲಕ್ಕೂ ನೆಲದಿಂದ ಆಕಾಶಕ್ಕೂ ತಂದೆ. ನಿರ್ದೇಶಕರು ಕಟ್ ಹೇಳಿ ತಲೆ ಕೆರೆದುಕೊಂಡರು. "ಅಮ್ಮಾ, ಕ್ಯಾಮೆರಾ ನಿನ್ನಿಂದ ಎರಡಡಿ ದೂರದಲ್ಲಿದೆ, ಎರಡು ಮೈಲಿ ದೂರದಲ್ಲಲ್ಲ. ಏನೂ ಮಾಡ್ಬೇಡ, ಸುಮ್ನೆ ಇರು." ಸುಮ್ಮನೆ ಇರುವುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹದಿನಾಲ್ಕು ವರ್ಷದ ಪಾಠದಲ್ಲಿ ಅದೊಂದು ಇರಲೇ ಇಲ್ಲ.

ಹಾಗಾಗಿ ನಾನು ತಂಗಿಯಾದೆ, ಗೆಳತಿಯಾದೆ, ಎರಡು ಚಿತ್ರದಲ್ಲಿ ಎರಡನೆಯ ನಾಯಕಿಯಾದೆ. ಆಮೇಲೆ ಡ್ಯೂಪ್ ಆದೆ. ಡ್ಯೂಪ್ ಎಂದರೆ ನಟಿಗೆ ಬಾರದ್ದನ್ನು ಅವಳ ಬದಲು ಮಾಡಿಕೊಡುವವರು. ಮಂಡಿ ಅರ್ಧ ಬಗ್ಗಿಸಿ ನೆಟ್ಟಗೆ ಅರಮಂಡಿ ಕೂರಲಾರದ ನಾಯಕಿಯರು ನರ್ತಕಿಯರ ವೇಷ ಹಾಕುತ್ತಿದ್ದರು. ಪಾದದ ಕ್ಲೋಸಪ್ ಬಂದಾಗ ನನ್ನನ್ನು ಕರೆಯುತ್ತಿದ್ದರು. ನಾಲ್ಕು ಚಿತ್ರದಲ್ಲಿ ನನ್ನ ಪಾದ ಕುಣಿದಿದೆ. ಊರಿನ ಚಿತ್ರಮಂದಿರದಲ್ಲಿ ಕೂತು, ಪಕ್ಕದ ಹೆಂಗಸು ತನ್ನ ಗಂಡನಿಗೆ "ಎಷ್ಟ್ ಚೆನ್ನಾಗ್ ಕುಣೀತಾಳ್ ನೋಡ್ರಿ" ಎಂದು ಇನ್ನೊಬ್ಬಳನ್ನು ಹೊಗಳಿದ್ದನ್ನು ಕೇಳಿಸಿಕೊಂಡು, ಸೀಟಿನ ಕೆಳಗೆ ನನ್ನ ಚಪ್ಪಲಿ ಹುಡುಕಿದ್ದು ನೆನಪಿದೆ. ಹೊಟ್ಟೆ ಉರಿಯುವುದು ಎಂದು ಜನ ಸುಮ್ಮನೆ ಹೇಳುವುದಿಲ್ಲ. ನನಗೆ ನಿಜವಾಗಿಯೂ ಎದೆಗೂ ಹೊಕ್ಕುಳಿಗೂ ನಡುವೆ ಬಿಸಿಯಾಗುತ್ತಿತ್ತು. ಅದಕ್ಕೆ ಮಜ್ಜಿಗೆ ಕುಡಿಯುತ್ತಿದ್ದೆ.

ಮನೋಹರ ಅವರ ಚಿತ್ರದ ನಾಯಕಿಯ ಹೆಸರು ಭಾಗ್ಯ. ಇಪ್ಪತ್ತಮೂರು ವರ್ಷ. ಹೊಸಕೋಟೆ ತಾಲ್ಲೂಕಿನ ನಂದಗುಡಿ ಕಡೆಯ ಹಳ್ಳಿಯವಳು. ಮನೆಯಲ್ಲಿ ನಾಲ್ಕು ಸೀಮೆಹಸು, ಎರಡು ಎಕರೆ ತರಕಾರಿ. ಕಾಲೇಜಿನ ನಾಟಕಗಳಲ್ಲಿ ಅಭಿನಯಿಸಿ, ಅಲ್ಲಿಂದ ಎರಡು ವರ್ಷ ಧಾರಾವಾಹಿಯೊಂದರಲ್ಲಿ ದುಡಿದು ಬಂದಿದ್ದಳು. ಜೀವನದಲ್ಲಿ ಒಮ್ಮೆಯೂ ಗೆಜ್ಜೆ ಕಟ್ಟಿರಲಿಲ್ಲ. ನನಗೆ ಕೊಟ್ಟಿದ್ದ ಕಾಲ ಎಂಟು ವಾರ. ವಾರಕ್ಕೆ ನಾಲ್ಕು ದಿನ ಎರಡು ಬಸ್ಸು ಬದಲಾಯಿಸಿ ದೊಡ್ಡಬಳ್ಳಾಪುರದ ನನ್ನ ಮನೆಗೆ ಬರುತ್ತಿದ್ದಳು.

ಮೊದಲ ದಿನ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದನ್ನು ಹೇಳಿಕೊಟ್ಟೆ. "ಯಾಕಕ್ಕ ಇದು?" ಎಂದಳು. ಭೂಮಿಯನ್ನು ತುಳಿಯುತ್ತೇವಲ್ಲ, ಅದಕ್ಕೆ ಮೊದಲೇ ಕ್ಷಮೆ ಕೇಳುವುದು ಎಂದೆ.

"ಓ, ಹಂಗಾ! ನಮ್ಮಪ್ಪ ಟ್ರ್ಯಾಕ್ಟರ್ ಹತ್ತೋಕ್ ಮುಂಚೆ ಮಾಡ್ತಾರೆ. ಅವರೂ ಡ್ಯಾನ್ಸರ್ ಅಂತಾಯ್ತು ಬಿಡಿ."

ಮನೆಯಲ್ಲಿ ನಾನು ನೃತ್ಯ ಕಲಿಸಿದ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರೇ ಈ ಮಾತಾಡಿದ್ದರೂ ನಾನು ನಕ್ಕುಬಿಡುತ್ತಿದ್ದೆ. ಇವಳು ಆಡಿದಾಗ ಸಿಟ್ಟು ಬಂತು. ಕಾರಣ ಅವಳ ಮುಖ. ಅದು ಏನನ್ನೂ ಮಾಡುತ್ತಿರಲಿಲ್ಲ. ಸುಮ್ಮನೆ ಕೂತಿರುತ್ತಿದ್ದಳು, ನಮಗೆ ಅವಳ ಮನಸ್ಸಿನಲ್ಲಿ ಏನೋ ಓಡುತ್ತಿದೆ ಅನ್ನಿಸುತ್ತಿತ್ತು, ಏನೆಂದು ತಿಳಿಯಲು ಇನ್ನೂ ಸ್ವಲ್ಪ ಹತ್ತಿರ ಹೋಗೋಣ ಅನ್ನಿಸುತ್ತಿತ್ತು. ನಾನು ಹುಬ್ಬು ತಗ್ಗಿಸಲು ಹತ್ತು ವರ್ಷ ಕನ್ನಡಿಯ ಮುಂದೆ ಹೆಣಗಿದ್ದೆ. ಇವಳಿಗೆ ಅದು ಹುಟ್ಟಿನಿಂದಲೇ ಬಂದಿತ್ತು.

ಆದರೆ ಕೈ ಮಾತ್ರ ಕೇಳುತ್ತಿರಲಿಲ್ಲ. ಬೆಳಗ್ಗೆ ಸಂಜೆ ಹಾಲು ಕರೆದು ಗಟ್ಟಿಯಾದ ಬೆರಳುಗಳು. ಕಮಲ ಅರಳುವುದನ್ನು ತೋರಿಸಲು ಐದು ಬೆರಳೂ ಒಂದರ ಹಿಂದೊಂದು ಬಿಚ್ಚಿಕೊಳ್ಳಬೇಕು. ಅವಳ ಕೈಯಲ್ಲಿ ಅದು ಮುಷ್ಟಿ ಬಿಟ್ಟ ಹಾಗೆ ಒಟ್ಟಿಗೆ ತೆರೆದುಕೊಳ್ಳುತ್ತಿತ್ತು. ನಾನು ತಿದ್ದುತ್ತಿದ್ದೆ. ತಿದ್ದುವಾಗ ನನಗೆ ಒಳಗೊಳಗೆ ಖುಷಿಯಾಗುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಚಿತ್ರದ ಮುಖ್ಯ ದೃಶ್ಯ ಹೀಗಿತ್ತು. ಹೇಳದೆ ಹೋದ ಗಂಡ ಇಂದು ಬಂದಾನು ನಾಳೆ ಬಂದಾನು ಎಂದು ತಾಯಿ ವರ್ಷಾನುಗಟ್ಟಲೆ ಕಾಯುತ್ತಿದ್ದಾಳೆ. ಆ ಕಾಯುವಿಕೆ ನೋಡಲು ಹೇಗಿರುತ್ತದೆ ಎಂದು ಮಗಳು ಜಗುಲಿಯಲ್ಲಿ ಕೂತು ಅಭಿನಯದಲ್ಲಿ ತೋರಿಸುತ್ತಾಳೆ. ಬಾಗಿಲು ತೆರೆಯುವುದು, ದಾರಿ ನೋಡುವುದು, ಮುಡಿದ ಹೂವನ್ನು ತೆಗೆದು ಹೊಸ್ತಿಲ ಮೇಲಿಡುವುದು. ಕೊನೆಗೆ "ಅಮ್ಮಾ, ಬಾಗಿಲು ಹಾಕ್ಲಾ?" ಎಂಬ ಒಂದೇ ಮಾತು. ಹಾಡಿಲ್ಲ, ತಾಳವಿಲ್ಲ. ಮರದ ಸದ್ದು, ಹಕ್ಕಿಯ ಸದ್ದು ಬಿಟ್ಟು ಬೇರೇನೂ ಬೇಡ, ಆಮೇಲೆ ಡಬ್ಬಿಂಗ್ ಕೂಡ ಬೇಡ, ಅಲ್ಲೇ ಧ್ವನಿ ಹಿಡಿಯೋಣ ಎಂಬುದು ಮನೋಹರ ಅವರ ಹಟ. ಮುಖ ಮತ್ತು ಕೈ ಒಂದೇ ಚೌಕಟ್ಟಿನಲ್ಲಿ, ಎಲ್ಲೂ ಕತ್ತರಿಸದೆ, ಸುಮಾರು ಒಂದೂವರೆ ನಿಮಿಷ.

ಭಾಗ್ಯಳ ಆಸೆಯೆಲ್ಲ ಆ ಒಂದೂವರೆ ನಿಮಿಷದ ಮೇಲಿತ್ತು. ಓಡುತ್ತಿದ್ದ ಧಾರಾವಾಹಿ ಬಿಟ್ಟು ಬಂದದ್ದೇ ಅದಕ್ಕಾಗಿ. "ಇದೊಂದ್ ಸೀನ್ ತೆಗೆದ್ರೆ ನಾನು ಈ ಪಿಚ್ಚರಲ್ಲಿ ಬರೀ ಸೀರೆ ಉಟ್ಕೊಂಡ್ ಓಡಾಡೋಳು ಅಷ್ಟೆ ಅಕ್ಕ" ಎಂದು ಒಮ್ಮೆ ಹೇಳಿದ್ದಳು.

ಎಂಟು ವಾರ ಮುಗಿದಾಗ ಮನೋಹರ ಬಂದು ಪರೀಕ್ಷಿಸಿದರು. ಅವಳ ಮುಖವನ್ನು ನೋಡುತ್ತ ನೋಡುತ್ತ ಅವರ ಕಣ್ಣು ತುಂಬಿತು. ಕೈಯ ಮೇಲೆ ದೃಷ್ಟಿ ಬಿದ್ದದ್ದೇ ಒರೆಸಿಕೊಂಡರು. ಕೊನೆಗೆ ಅವರಿಗೆ ಒಂದು ಉಪಾಯ ಹೊಳೆಯಿತು. ಭಾಗ್ಯ ಮೈತುಂಬ ಶಾಲು ಹೊದ್ದು ಕೂರುವುದು. ಅವಳ ಕೈಗಳು ಶಾಲಿನ ಒಳಗೆ ಮಡಚಿಕೊಂಡಿರುವುದು. ನಾನು ಅವಳ ಬೆನ್ನ ಹಿಂದೆ ಮೊಣಕಾಲೂರಿ ಅಡಗಿ, ಅವಳ ಕಂಕುಳ ಕೆಳಗಿನಿಂದ ನನ್ನ ಕೈಗಳನ್ನು ಮುಂದೆ ತರುವುದು. ಪರದೆಯ ಮೇಲೆ ಅವಳ ಮುಖ, ನನ್ನ ಕೈ.

ಪಾದ ಆಯಿತು, ಈಗ ಕೈ ಎಂದುಕೊಂಡೆ. ನನ್ನನ್ನು ತುಂಡು ತುಂಡಾಗಿ ಬಳಸಿಕೊಳ್ಳಲು ಎಲ್ಲರೂ ತಯಾರು, ಇಡಿಯಾಗಿ ಯಾರಿಗೂ ಬೇಡ. ಆದರೂ ಒಪ್ಪಿಕೊಂಡೆ. ಒಪ್ಪದಿದ್ದರೆ ಅದಕ್ಕೆ ಇನ್ನೊಬ್ಬಳು ಬರುತ್ತಿದ್ದಳು.

ಚಿತ್ರೀಕರಣ ದೇವನಹಳ್ಳಿಯ ಹತ್ತಿರ, ನಲ್ಲೂರಿನ ಹುಣಿಸೆ ತೋಪಿನಿಂದ ಸ್ವಲ್ಪ ದೂರದ ಒಂದು ಹೆಂಚಿನ ಮನೆಯಲ್ಲಿ. ಮನೆ ನಮಗೆ ಸಿಕ್ಕಿದ್ದು ಆರು ದಿನಕ್ಕೆ. ಈ ದೃಶ್ಯ ಕೊನೆಯ ದಿನದ್ದು. ಸಂಜೆ ಐದಕ್ಕೆ ಬೆಳಕೂ ಹೋಗುತ್ತದೆ, ಮನೆಯನ್ನೂ ಬಿಟ್ಟುಕೊಡಬೇಕು. ಮನೋಹರ ಅವರಿಗೆ ಹಕ್ಕಿಯ ಸದ್ದು ಬೇಕಿತ್ತು, ಆದರೆ ಅಲ್ಲಿ ಹಕ್ಕಿಗಿಂತ ಹೆಚ್ಚಾಗಿ ಹಾರುತ್ತಿದ್ದದ್ದು ವಿಮಾನ. ಒಂದು ಮೇಲೇರಿ ಸದ್ದು ಕರಗುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಧ್ವನಿ ಹಿಡಿಯುವವನು ಕೈ ಎತ್ತಿದರೆ ಎಲ್ಲರೂ ಇದ್ದಲ್ಲೇ ಬೊಂಬೆಗಳಂತೆ ಕಾಯಬೇಕು.

ಬೆಳಗ್ಗೆ ಮೇಕಪ್ಪಿನ ಅನ್ವರ್ ಭಾಯ್ ನನ್ನ ಎರಡೂ ಕೈಗಳನ್ನು ಮುಂದೆ ಚಾಚಿಸಿಕೊಂಡು ಕೂತರು. ಅವರೂ ದೊಡ್ಡಬಳ್ಳಾಪುರದವರೇ. ನನ್ನ ಮೊದಲ ಚಿತ್ರದಿಂದ ನನಗೆ ಬಣ್ಣ ಹಚ್ಚಿದವರು. ಭಾಗ್ಯಳ ಕೆನ್ನೆಯ ಬಣ್ಣಕ್ಕೆ ನನ್ನ ಮುಂಗೈ ಬಣ್ಣ ಹೊಂದಿಸಬೇಕು, ಉಬ್ಬಿದ ನರ ಮುಚ್ಚಬೇಕು, ಬೆರಳ ತುದಿಗೆ ಕೆಂಪು ಹಚ್ಚಬೇಕು. ಒಂದು ಗಂಟೆ ಹಿಡಿಯಿತು.

"ಕೈಗೂ ವಯಸ್ಸಾಯ್ತಾ ಭಾಯ್?" ಎಂದೆ.

"ಆಯ್ತು ಮೇಡಂ" ಎಂದರು. ಸುಳ್ಳು ಹೇಳುವ ಅಭ್ಯಾಸ ಅವರಿಗಿಲ್ಲ. "ಆದ್ರೆ ನಾನ್ ಹಚ್ಚಿದ್ ಮೇಲೆ ಯಾರಿಗೂ ಕಾಣಲ್ಲ."

ಟೇಕ್ ಶುರುವಾಯಿತು. ನೃತ್ಯದಲ್ಲಿ ನಾವು ಮೊದಲು ಕಲಿಯುವ ಪಾಠವೆಂದರೆ ಕೈ ಹೋದ ಕಡೆ ಕಣ್ಣು ಹೋಗಬೇಕು. ಹೋಗದಿದ್ದರೆ ಕೈ ಒಬ್ಬರದು, ಕಣ್ಣು ಇನ್ನೊಬ್ಬರದು ಎಂಬಂತೆ ಕಾಣುತ್ತದೆ. ಇಲ್ಲಿ ಅದು ನಿಜವಾಗಿಯೇ ಹಾಗಿತ್ತು. ತಾಳವಿಲ್ಲದ್ದರಿಂದ ಕೈ ಯಾವಾಗ ಏಳುತ್ತದೆ ಎಂಬುದು ನನಗೊಬ್ಬಳಿಗೇ ಗೊತ್ತು. ಅವಳು ಕೈಯನ್ನು ಕಂಡ ಮೇಲೆ ಕಣ್ಣು ತಿರುಗಿಸುತ್ತಿದ್ದಳು. ಕಣ್ಣು ಮಿಟುಕಿಸುವಷ್ಟು ತಡ. ಆದರೆ ಕ್ಯಾಮೆರಾಕ್ಕೆ ಅಷ್ಟು ಸಾಕು. ಐದು ಟೇಕ್ ಹಾಗೇ ಹೋದವು. ಆ ಐದರಲ್ಲಿ ನಾನು ಪ್ರಾಮಾಣಿಕವಾಗಿಯೇ ಮಾಡಿದ್ದೆ.

ಊಟದ ಹೊತ್ತಿಗೆ ಮನೋಹರ ನನ್ನನ್ನು ಬಾವಿಕಟ್ಟೆಯ ಕಡೆ ಕರೆದುಕೊಂಡು ಹೋದರು.

"ಮೇಡಂ, ಐದರೊಳಗೆ ಆಗ್ಲಿಲ್ಲ ಅಂದ್ರೆ ಸೀನನ್ನೇ ಉಲ್ಟಾ ಮಾಡ್ಬಿಡ್ತೀನಿ. ಅಭಿನಯ ತಾಯಿದು. ನೀವೇ ಕೂತ್ಕೊಂಡು ಮಾಡಿ, ಮಗಳು ಬಾಗಿಲಲ್ಲಿ ನಿಂತು ನೋಡ್ತಾಳೆ. ನೀವಾದ್ರೆ ಒಂದೇ ಟೇಕಲ್ಲಿ ಮುಗಿಸ್ತೀರ. ಭಾಗ್ಯಂಗೆ ಇನ್ನೂ ಹೇಳಿಲ್ಲ, ಹೆದರ್ಕೊಂತಾಳೆ."

ತಟ್ಟೆಯಲ್ಲಿ ಮುದ್ದೆ ಹಾಗೇ ಇತ್ತು. ನನ್ನ ಮುಖ, ನನ್ನ ಕೈ, ನನ್ನ ಕಣ್ಣು, ಒಂದೂವರೆ ನಿಮಿಷ. ಇಪ್ಪತ್ತಾರು ವರ್ಷದಿಂದ ಯಾರೂ ಕೊಡದ್ದನ್ನು ಈ ಹುಡುಗ ಕೊಡಲು ತಯಾರಿದ್ದಾನೆ, ಅದಕ್ಕೆ ನಾನು ಮಾಡಬೇಕಾದದ್ದು ಬಹಳ ಸ್ವಲ್ಪ. ಮೂರು ಗಂಟೆ ಹೊತ್ತು ಅವಳು ಗೆಲ್ಲದಿದ್ದರೆ ಸಾಕು.

ಊಟವಾದ ಮೇಲಿನ ಟೇಕುಗಳಲ್ಲಿ ನಾನು ಬೇಕೆಂದೇ ಕೈಯೆತ್ತುವ ಹೊತ್ತು ಬದಲಿಸಿದೆ. ಒಮ್ಮೆ ದಾರಿ ನೋಡುವ ಕೈಯನ್ನು ಬೇಗ ಎತ್ತಿದೆ. ಒಮ್ಮೆ ಹೂವಿನ ಕೈಯನ್ನು ತಡಮಾಡಿದೆ. ಇಪ್ಪತ್ತು ಜನ ನೋಡುತ್ತಿದ್ದರು, ಒಬ್ಬರಿಗೂ ತಿಳಿದಂತೆ ಕಾಣಲಿಲ್ಲ. ಕೈ ಅಷ್ಟು ಚೆನ್ನಾಗಿತ್ತು. ತಪ್ಪೆಲ್ಲ ಅವಳ ಕಣ್ಣಿನ ಮೇಲೆ ಬೀಳುತ್ತಿತ್ತು. "ಭಾಗ್ಯ, ಕಣ್ಣು ಲೇಟು" ಎಂದು ಮನೋಹರ ಕೂಗುತ್ತಿದ್ದರು. "ಸಾರಿ ಸಾರ್" ಎನ್ನುತ್ತಿದ್ದಳು. ನನ್ನ ಕೆನ್ನೆ ಅವಳ ಬೆನ್ನಿಗೆ ಒತ್ತಿಕೊಂಡಿತ್ತು. ಪ್ರತಿ ಸಲ ಸಾರಿ ಎನ್ನುವಾಗಲೂ ಅವಳ ಎದೆ ಡವಡವ ಬಡಿಯುವುದು ನನ್ನ ಕಿವಿಗೆ ಕೇಳುತ್ತಿತ್ತು. ಅಷ್ಟು ಹತ್ತಿರದಿಂದ ಇನ್ನೊಬ್ಬರ ಹೆದರಿಕೆ ಕೇಳಿಸಿಕೊಂಡೂ ನನ್ನ ಕೈ ಒಂದಿಷ್ಟೂ ನಡುಗಲಿಲ್ಲ. ಅಭ್ಯಾಸ ಅಷ್ಟು ಗಟ್ಟಿಯಾಗಿತ್ತು.

ಒಂಬತ್ತನೆಯ ಟೇಕಿನಲ್ಲಿ ಏನೋ ಬದಲಾಯಿತು. ನಾನು ಕೈಯನ್ನು ಬೇಗ ಎತ್ತಿದೆ. ಆದರೂ ಮನೋಹರ ತಡೆಯಲಾರದೆ ಪಿಸುದನಿಯಲ್ಲಿ "ಹಾಂ, ಹಾಂ!" ಎಂದರು. ಅವಳ ಕಣ್ಣು ಸರಿಯಾದ ಹೊತ್ತಿಗೆ ಬಂದಿತ್ತು. ಹೂವಿನ ಕೈ ತಡಮಾಡಿದೆ. ಅದಕ್ಕೂ ಬಂತು. ಕೊನೆಯ ಮಾತಿಗೆ ಮೊದಲು ವಿಮಾನವೊಂದು ನೆತ್ತಿಯ ಮೇಲೆ ಬಂದು ಟೇಕ್ ಕೆಡಿಸಿತು. ವಿಮಾನಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಆದರೆ ಇವಳು ಹೇಗೆ ಹಿಡಿದಳು ಎಂಬುದು ಮಾತ್ರ ಅರ್ಥವಾಗಲಿಲ್ಲ.

ಸದ್ದು ಕರಗಲಿ ಎಂದು ಇಬ್ಬರೂ ಹಾಗೇ ಅಂಟಿಕೊಂಡು ಕೂತಿದ್ದೆವು. ಎದ್ದರೆ ಶಾಲಿನ ಮಡಿಕೆ ಬದಲಾಗುತ್ತದೆ. ಆಗ ಭಾಗ್ಯ ತಲೆ ತಿರುಗಿಸದೆ ಪಿಸುಗುಟ್ಟಿದಳು.

"ಅಕ್ಕ, ಸಿಕ್ಬಿಡ್ತು ಕಣಕ್ಕ."

"ಏನು ಸಿಕ್ತು?"

"ನೀವು ಕೈ ಎತ್ತೋಕ್ ಮುಂಚೆ ಉಸಿರು ಎಳ್ಕೊಂತೀರ. ನನ್ ಬೆನ್ನಿಗೆ ಗೊತ್ತಾಗ್ತೈತೆ. ಪ್ರತಿ ಸಲಾನೂ. ಇನ್ಮೇಲೆ ನಾನು ಕೈ ನೋಡಲ್ಲ, ನಿಮ್ ಉಸಿರ್ ನೋಡ್ಕೊಂಡ್ ಹೋಗ್ತೀನಿ."

ನಾನು ಅಲ್ಲಿಯವರೆಗೆ ಅದನ್ನು ಗಮನಿಸಿಯೇ ಇರಲಿಲ್ಲ. ಮೇಷ್ಟ್ರು ತಟ್ಟುಮಣೆಗೆ ಕೋಲು ಬೀಳುವ ಮೊದಲು ಉಸಿರು ತೆಗೆದುಕೊಳ್ಳಿ ಎಂದು ಏಳು ವರ್ಷದ ಮಕ್ಕಳಿಗೆ ಹೇಳುತ್ತಿದ್ದರು. ಅದು ಎಷ್ಟು ಮೈಗೂಡಿತ್ತೆಂದರೆ, ಮೋಸ ಮಾಡುವಾಗಲೂ ನಾನು ಶಾಸ್ತ್ರೋಕ್ತವಾಗಿ ಉಸಿರೆಳೆದುಕೊಂಡೇ ಮೋಸ ಮಾಡುತ್ತಿದ್ದೆ. ನನಗೆ ಗೊತ್ತಿಲ್ಲದ ನನ್ನ ಗುಟ್ಟನ್ನು ಎಂಟು ವಾರದ ಶಿಷ್ಯೆ ಬೆನ್ನಿನಿಂದ ಕೇಳಿಸಿಕೊಂಡಿದ್ದಳು. ನನ್ನ ಹದಿನಾಲ್ಕು ವರ್ಷದ ಪಾಠವನ್ನು ಇವಳು ಒಂದು ಮಧ್ಯಾಹ್ನದಲ್ಲಿ ಕಲಿತಳಲ್ಲ ಎಂದು ಮೈಯೆಲ್ಲ ಉರಿಯಿತು.

ವಿಮಾನದ ಸದ್ದು ಹೋಯಿತು. ಗಡಿಯಾರ ನಾಲ್ಕೂ ಹತ್ತು. ಆಕ್ಷನ್ ಎಂದರು. ನಾನು ಉಸಿರು ಬಿಗಿಹಿಡಿದೆ.

ಬಾಗಿಲು ತೆರೆದದ್ದು, ದಾರಿ ನೋಡಿದ್ದು, ಒಂದಕ್ಕೂ ಉಸಿರಾಡಲಿಲ್ಲ. ಅವಳ ಬೆನ್ನು ಬಿಗಿಯಾಗುವುದು ನನಗೆ ತಿಳಿಯಿತು. ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದಳು. ಬರಲಿಲ್ಲ. ಹೂವಿನ ಕೈ ಎತ್ತಿದಾಗ ಅವಳ ಕಣ್ಣು ಇನ್ನೂ ದಾರಿಯಲ್ಲೇ ಇತ್ತಂತೆ. "ಕಟ್! ಏನಮ್ಮಾ ಇದು, ಹೋದ ಸಲ ಅಷ್ಟ್ ಚೆನ್ನಾಗಿತ್ತಲ್ಲ!" ಎಂದು ಮನೋಹರ ಮೊದಲ ಸಲ ಅವಳ ಮೇಲೆ ರೇಗಿದರು. ಆಮೇಲೆ ಛಾಯಾಗ್ರಾಹಕರ ಕಡೆ ತಿರುಗಿ ಗಂಟೆ ನೋಡಿಕೊಂಡರು. ಸೀನು ಉಲ್ಟಾ ಆಗಲು ಇನ್ನೊಂದೇ ಟೇಕ್ ಬಾಕಿ ಎಂದು ನನಗೆ ಗೊತ್ತಾಯಿತು.

ಭಾಗ್ಯ ಶಾಲು ಸರಿಸಿ ಹಿಂದಕ್ಕೆ ತಿರುಗಿದಳು. ನನ್ನ ಮುಖವನ್ನೇ ನೋಡಿದಳು. ನಾನು ಕಣ್ಣು ತಪ್ಪಿಸಿದೆ.

"ಸಾರ್, ಅಕ್ಕಂಗೆ ಉಸಿರು ಕಟ್ತಾ ಐತೆ" ಎಂದಳು ಗಟ್ಟಿಯಾಗಿ. "ಬೆಳಗ್ಗಿಂದ ಬಗ್ಗಿ ಕೂತವ್ರೆ, ಪಾಪ. ಐದ್ ನಿಮಿಷ ಬಿಡಿ. ಯಾರಾದ್ರೂ ನೀರ್ ಕೊಡ್ರೀ!" ಎನ್ನುತ್ತಾ ಶಾಲಿನ ಅಂಚಿನಿಂದ ನನ್ನ ಹಣೆ ಒರೆಸಿದಳು. ಅವಳ ಮುಖದಲ್ಲಿ ಕಳವಳ ಬಿಟ್ಟು ಬೇರೇನೂ ಇರಲಿಲ್ಲ. ನಾನು ಅವಳ ಕಾಲಿಗೆ ಅಡ್ಡಗಾಲು ಹಾಕಿದೆ, ಇವಳು ಎದ್ದು ನನಗೆ ಪೆಟ್ಟಾಯಿತೇ ಎಂದು ಕೇಳುತ್ತಿದ್ದಾಳೆ. ಇವಳಿಗೆ ಏನೂ ಗೊತ್ತಾಗಿಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡ ಗಳಿಗೆಯಲ್ಲೇ ನನ್ನ ಕೈ ನಡುಗಲು ಶುರುವಾಯಿತು.

ಅನ್ವರ್ ಭಾಯ್ ನೀರು ತಂದರು. ಮುಂಗೈಯ ಬಣ್ಣ ಅಳಿಸಿದೆಯೇನೋ ಎಂದು ನೋಡುವವರಂತೆ ಕೂತು, ತಗ್ಗಿದ ದನಿಯಲ್ಲಿ ಹೇಳಿದರು.

"ಮೇಡಂ, ಇಪ್ಪತ್ತಾರು ವರ್ಷ ಈ ಮುಖಕ್ಕೆ ಬಣ್ಣ ಹಚ್ಚಿದೀನಿ. ಒಳಗೆ ಏನಿದೆ ಅಂತ ನಂಗೆ ಕಾಣಲ್ಲ ಅಂದ್ಕೊಂಡ್ರಾ? ಸಾಕು, ಬಿಟ್ಬಿಡಿ. ಆ ಹುಡುಗಿದು ಏನ್ ತಪ್ಪು?"

ನಾನು ನೀರು ಕುಡಿದೆ. ಆಗ ನನಗೆ ಬಂದ ನಾಚಿಕೆಯನ್ನು ವರ್ಣಿಸಲು ಹೋಗುವುದಿಲ್ಲ. ಭಾಗ್ಯ ಮತ್ತೆ ಕೂತಳು. ನಾನು ಮೊಣಕಾಲೂರಿ ಅವಳ ಬೆನ್ನಿಗೆ ಕೆನ್ನೆ ಒತ್ತಿದೆ. ಆಕ್ಷನ್ ಎಂದದ್ದೇ ನಾನು ದೀರ್ಘವಾಗಿ ಉಸಿರೆಳೆದುಕೊಂಡೆ. ಮೇಷ್ಟ್ರ ಮುಂದೆ ಕೂಡ ಅಷ್ಟು ತುಂಬ ಎಳೆದುಕೊಂಡಿರಲಿಲ್ಲ. ಕೈ ಎದ್ದಿತು, ಬಾಗಿಲು ತೆರೆಯಿತು. ಒಂದೊಂದು ಚಲನೆಗೂ ಮೊದಲು ಅವಳಿಗೆ ಉಸಿರು ಕೊಟ್ಟೆ. ಅವಳ ಬೆನ್ನು ಸಡಿಲವಾಯಿತು. ಹೂವನ್ನು ಹೊಸ್ತಿಲ ಮೇಲಿಟ್ಟು ಕೈ ಹಿಂತೆಗೆದಾಗ ಸುತ್ತ ಯಾರೂ ಕದಲುತ್ತಿರಲಿಲ್ಲ. ವಿಮಾನವೂ ಬರಲಿಲ್ಲ. "ಅಮ್ಮಾ, ಬಾಗಿಲು ಹಾಕ್ಲಾ?" ಎಂದಳು, ನನ್ನ ಕಿವಿಯ ಪಕ್ಕದಲ್ಲೇ. ಮನೋಹರ ಕಟ್ ಹೇಳುವುದನ್ನೇ ಮರೆತಿದ್ದರು. ಆಮೇಲೆ ಹನ್ನೊಂದನೆಯ ಟೇಕ್ ಓಕೆ ಎಂದು ಸಹಾಯಕ ಬರೆದುಕೊಂಡ.

ಮಾನಿಟರಿನಲ್ಲಿ ನೋಡಿದೆ. ನನ್ನ ಕೈ ಅಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ. ಆದರೂ ಯಾರ ಕಣ್ಣೂ ಕೈಯ ಮೇಲೆ ನಿಲ್ಲುತ್ತಿರಲಿಲ್ಲ. ಏನನ್ನೂ ಮಾಡದ ಆ ಮುಖಕ್ಕೇ ಮರಳಿ ಹೋಗುತ್ತಿತ್ತು. ನನ್ನ ಕಣ್ಣೂ ಅಲ್ಲಿಗೇ ಹೋಯಿತು.

ಚಿತ್ರ ಬಂತು, ಭಾಗ್ಯ ಮೇಲೇರಿದಳು. ಆಕೆಗೆ ಬೇರೆ ಭಾಷೆಯಲ್ಲೂ ಅವಕಾಶ ಸಿಕ್ಕಿತು. ನನಗೆ ಇನ್ನೆರಡು ತಾಯಿ ಪಾತ್ರ ಬಂದವು. ಸಂದರ್ಶನಗಳಲ್ಲಿ ಅವಳು ತಪ್ಪದೆ ಆ ಕೈ ಪದ್ಮಜಕ್ಕನದು ಎಂದು ಹೇಳುತ್ತಿದ್ದಳು. ಹೇಳಿದಷ್ಟೂ ಜನ "ಎಷ್ಟು ದೊಡ್ಡ ಮನಸ್ಸು" ಎಂದು ಅವಳನ್ನೇ ಹೊಗಳುತ್ತಿದ್ದರು. ಅದಕ್ಕೂ ನಾನು ಮಜ್ಜಿಗೆ ಕುಡಿದೆ. ಆದರೆ ಮಾಡಿದ ತಪ್ಪು ಮುಳ್ಳಿನಂತೆ ಒಳಗೇ ಇತ್ತು. ಎರಡು ವರ್ಷದ ನಂತರ, ಅವಳು ಊರಿಗೆ ಬಂದಿದ್ದಾಳೆ ಎಂದು ತಿಳಿದು ಒಂದು ಬೆಳಗ್ಗೆ ಅವರ ಹಳ್ಳಿಗೆ ಹೋದೆ.

ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಅವಳಪ್ಪ ಕುರ್ಚಿ ತಂದು ಹಾಕಿ, ಡೈರಿಗೆ ಹೊತ್ತಾಯಿತೆಂದು ಕ್ಯಾನು ಹಿಡಿದು ಹೊರಟರು. ಇಬ್ಬರೇ ಉಳಿದಾಗ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಬಾವಿಕಟ್ಟೆಯ ಮಾತು, ಬೇಗ ಎತ್ತಿದ ಕೈ, ಬಿಗಿಹಿಡಿದ ಉಸಿರು. ಅವಳು ಕರೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತಕ್ಕ" ಎಂದಳು.

"ಯಾವಾಗ ಗೊತ್ತಾಯ್ತು?"

"ಉಸಿರು ನಿಂತಾಗ. ಸುಸ್ತಾದೋರು ಜೋರಾಗಿ ಉಸಿರಾಡ್ತಾರೆ. ಉಸಿರು ಹಿಡ್ಕೊಳ್ಳೋದು ಏನಾದ್ರೂ ಬಚ್ಚಿಡೋರು."

"ಹಾಗಾದ್ರೆ ನೀರು ಕೊಡಿ ಅಂತ ಕೂಗಿದ್ದು?"

ಅವಳು ಮೊದಲ ಸಲ ತಲೆ ಎತ್ತಿ ನೋಡಿದಳು. "ನಾನ್ ಜಗಳ ಮಾಡಿದ್ರೆ ನೀವು ಕೈ ತಕ್ಕೊಂಡು ಎದ್ದು ಹೋಗ್ತಿದ್ರಿ. ನಂಗೆ ಶಾಟ್ ಬೇಕಿತ್ತಕ್ಕ. ನಿಮಗೆ ಅಯ್ಯೋ ಅನ್ನಿಸ್ಬೇಕಿತ್ತು."

ಎರಡು ವರ್ಷ ನಾನು ಪಶ್ಚಾತ್ತಾಪ ಎಂದು ಎದೆಯಲ್ಲಿಟ್ಟುಕೊಂಡು ಓಡಾಡಿದ್ದು ಅವಳ ಅಭಿನಯದ ಫಲ. ಅಂದು ಆ ಜಗುಲಿಯಲ್ಲಿ ಕ್ಯಾಮೆರಾ ಓಡದೆ ನಿಂತಿದ್ದಾಗ, ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ, ಅವಳು ಇಡೀ ಚಿತ್ರದಲ್ಲಿ ಮಾಡಿದ್ದಕ್ಕಿಂತ ಒಳ್ಳೆಯ ಅಭಿನಯ ಮಾಡಿದ್ದಳು. ನೋಡಲು ಇದ್ದವಳು ನಾನೊಬ್ಬಳೇ. ನಾನು ನಂಬಿದ್ದೆ.

"ನನ್ನ ಹಣೆ ಒರೆಸಿದ್ದೂ ನಾಟಕವೇ ಏನೇ?" ಎಂದೆ. ನನ್ನ ದನಿ ನನಗೇ ಚಿಕ್ಕ ಮಗುವಿನದರಂತೆ ಕೇಳಿಸಿತು.

"ಅದು ಅರ್ಧ ನಿಜ ಅಕ್ಕ" ಎಂದಳು. "ನೀವು ನಿಜವಾಗ್ಲೂ ಬೆವರಿದ್ರಿ."

ವೃತ್ತಿ ನನಗೆ ಕಲಿಸಿದ ಪಾಠವೇನು ಎಂದು ನನ್ನ ವಿದ್ಯಾರ್ಥಿನಿಯರು ಕೇಳುತ್ತಾರೆ. ನಾನು ಅವರಿಗೆ ಈ ಕತೆ ಹೇಳುತ್ತೇನೆ. ನಟನೆಯೆಂದರೆ ಇದ್ದದ್ದನ್ನೆಲ್ಲ ತೋರಿಸುವುದು ಎಂದುಕೊಂಡು ನಾನು ಒಂದು ಆಯುಷ್ಯ ಕಳೆದೆ. ತೋರಿಸುವುದೆಷ್ಟು, ಒಳಗಿಟ್ಟುಕೊಳ್ಳುವುದೆಷ್ಟು ಎಂಬ ಅಳತೆಯೇ ನಟನೆ ಎಂದು ನನಗೆ ತಿಳಿದದ್ದು ಒಂದು ದನದ ಕೊಟ್ಟಿಗೆಯಲ್ಲಿ, ಐವತ್ತನೆಯ ವಯಸ್ಸಿಗೆ. ಪೂರ್ತಿ ನಿಜ ನನಗೆ ಬರುತ್ತಿತ್ತು, ಪೂರ್ತಿ ಸುಳ್ಳನ್ನೂ ಒಂದು ಮಧ್ಯಾಹ್ನ ಮಾಡಿದೆ. ಆ ಅರ್ಧ ನಿಜ ನನಗೆ ಯಾವತ್ತೂ ಬರಲಿಲ್ಲ. ಅದಕ್ಕಾಗಿ ಅವಳನ್ನು ಕಂಡರೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು. ಅವಳ ಪ್ರತಿಯೊಂದು ಚಿತ್ರವನ್ನೂ ಮೊದಲ ದಿನದ ಮೊದಲ ಆಟಕ್ಕೆ ಹೋಗಿ, ಮುಂದಿನ ಸಾಲಿನಲ್ಲಿ ಕೂತು ನೋಡುತ್ತೇನೆ.